ದೇಶಕ್ಕೊಂದು ಬುರುಡೆ: 799 ರೂಪಾಯಿಯ ಡಬ್ಬ ತೆರೆದು ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ಡಬ್ಬದ ಹೆಸರು ಬರೆಯುವುದಿಲ್ಲ. ಹೊಗಳುವುದಕ್ಕಿಂತ ಬೈಯುವುದು ಸ್ವಲ್ಪ ಜಾಸ್ತಿ ಇದೆ, ಮಾಡಿದವರು ಯಾರೋ ಸಣ್ಣ ಕಂಪನಿಯವರು, ಸುಮ್ನೆ ಯಾಕೆ ಅವರ ಹೊಟ್ಟೆ ಮೇಲೆ ಹೊಡೆಯೋದು. ಆಟದ ಸಾಮಾನಿನ ಅಂಗಡಿಗೆ ಹೋದರೆ ಇಂಥ ಡಬ್ಬಗಳು ಮೂರು ನಾಲ್ಕು ಒಂದೇ ಸಾಲಿನಲ್ಲಿ ಕೂತಿರುತ್ತವೆ. ಕಾರ್ಡಿಗೊಂದು ದೇಶ, ಕಾರ್ಡಿನಲ್ಲಿ ಆ ದೇಶದ ಬಗ್ಗೆ ಮೂರು ಮಾತು. ಎರಡು ಬುರುಡೆ, ಒಂದು ನಿಜ. ನಿಜ ಯಾವುದು ಅಂತ ಹಿಡಿಯಬೇಕು. ಇಷ್ಟೇ ಆಟ. ನಾನು ಕೊಟ್ಟಿದ್ದು 799 ರೂಪಾಯಿ.

ಒಳಗೆ 180 ಕಾರ್ಡು, ಅರ್ಧ ನಿಮಿಷದ ಮರಳು ಗಡಿಯಾರ, ಅಂಕ ಬರೆಯಲು ಒಂದು ಪುಟ್ಟ ಪ್ಯಾಡು, ಒಂದು ಪೆನ್ಸಿಲ್ (ಮೊನೆ ಮುರಿದುಕೊಂಡೇ ಬಂದಿತ್ತು), ಮತ್ತೆ ಏನೂ ಬರೆಯದ 12 ಖಾಲಿ ಕಾರ್ಡು. ಸರಿಯಾಗಿ ಹಿಡಿದವರಿಗೆ ಒಂದು ಅಂಕ. ಎಷ್ಟು ಜನ ಮೋಸ ಹೋದರೋ ಅಷ್ಟು ಅಂಕ ಓದಿದವನಿಗೆ. ಹಾಗಾಗಿ ಕಾರ್ಡು ಓದುವವನು ನಗಬಾರದು, ಕಣ್ಣು ಮಿಟುಕಿಸಬಾರದು, ವಾರ್ತೆ ಓದುವವರ ಥರ ಮುಖ ಇಟ್ಟುಕೊಂಡು ಓಳು ಬಿಡಬೇಕು. ಮಜಾ ಇರುವುದೇ ಅಲ್ಲಿ.

ಉತ್ತರವನ್ನು ಕಾರ್ಡಿನ ಹಿಂದೆ ತಿಳಿನೀಲಿ ಬಣ್ಣದಲ್ಲಿ ಅಚ್ಚು ಹಾಕಿ, ಅದರ ಮೇಲೆ ಕೆಂಪು ಗೀಚು ಎಳೆದಿದ್ದಾರೆ. ಜೊತೆಗೆ ಕೊಟ್ಟಿರುವ ಕೆಂಪು ಪ್ಲಾಸ್ಟಿಕ್ ಹಾಳೆ ಇಟ್ಟು ನೋಡಿದರೆ ಉತ್ತರ ಕಾಣಬೇಕು. ಉಪಾಯವೇನೋ ಚೆನ್ನಾಗಿದೆ. ಆದರೆ ಕಾರ್ಡು ಎಷ್ಟು ತೆಳ್ಳಗಿದೆ ಅಂದರೆ, ಟ್ಯೂಬ್‌ಲೈಟಿನ ಕೆಳಗೆ ಓದುವವನು ಕಾರ್ಡನ್ನು ಸ್ವಲ್ಪ ಮೇಲೆತ್ತಿದರೆ ಸಾಕು, ಎದುರಿಗೆ ಕೂತವರಿಗೆ ಉತ್ತರ ಸಲೀಸಾಗಿ ಕಾಣುತ್ತದೆ. ಇದನ್ನು ಕಂಡುಹಿಡಿದದ್ದು ಅಕ್ಕನ ಒಂಬತ್ತು ವರ್ಷದ ಮಗ. ಸತತ ಏಳು ಕಾರ್ಡು ಸರಿ ಹೇಳಿ, ಎಂಟನೆಯದಕ್ಕೆ ಪಾಪ ತಾನೇ ನಕ್ಕುಬಿಟ್ಟ.

ಆಡಿದ್ದು 2025ರ ದೀಪಾವಳಿಯ ರಾತ್ರಿ, ಮೈಸೂರಿನ ನಮ್ಮ ಮನೆಯಲ್ಲಿ. ಹೊರಗೆ ಮಳೆ, ಪಟಾಕಿ ಎಲ್ಲ ತಣ್ಣಗೆ ಕೂತಿದ್ದವು. ಅಕ್ಕ, ಭಾವ, ಅವರ ಇಬ್ಬರು ಮಕ್ಕಳು ಜರ್ಮನಿಯಿಂದ ಬಂದಿದ್ದರು. ಕನ್ನಡ ಮೇಷ್ಟ್ರಾಗಿ ನಿವೃತ್ತರಾದ ಚಿಕ್ಕಪ್ಪ, ನನ್ನ ಹೆಂಡತಿ, ಅಮ್ಮ. ಕಾರ್ಡೆಲ್ಲ ಇಂಗ್ಲಿಷಿನಲ್ಲಿದೆ, ಅಮ್ಮನಿಗೆ ಇಂಗ್ಲಿಷ್ ಅಂದರೆ ಬೇಜಾರು, ಆದ್ದರಿಂದ ಒಂದೊಂದನ್ನೂ ಕನ್ನಡ ಮಾಡಿ ಓದುವ ಕೆಲಸ ನನ್ನ ತಲೆಗೆ ಬಿತ್ತು. ಅದರಿಂದ ಒಂದು ವಿಷಯ ಗೊತ್ತಾಯಿತು. ಇಂಗ್ಲಿಷಿನಲ್ಲಿ ಗಂಭೀರವಾಗಿ ಕಾಣುವ ಸುಳ್ಳು ಕನ್ನಡದಲ್ಲಿ ಹೇಳಿದ ತಕ್ಷಣ ಬಟ್ಟೆ ಬಿಚ್ಚಿ ನಿಲ್ಲುತ್ತದೆ. "ಫ್ರಾನ್ಸಿನಲ್ಲಿ ಮನೆಯ ಯಜಮಾನ ವಾರಕ್ಕೊಂದು ಪ್ರೇಮಪತ್ರ ಬರೆಯಲೇಬೇಕು ಅಂತ ಕಾನೂನಿದೆ" ಅಂತ ಓದಿದೆ. ಅಮ್ಮ ಬತ್ತಿ ಹೊಸೆಯುತ್ತ, ತಲೆ ಎತ್ತದೆ, "ಯಾರಿಗೆ ಬರೆಯಬೇಕು ಅಂತಲೂ ಹೇಳಿದೆಯಾ?" ಅಂದರು.

ಚೆನ್ನಾಗಿರುವ ಕಾರ್ಡುಗಳ ವಿಷಯಕ್ಕೆ ಬರೋಣ. ನಿಜವೇ ಸುಳ್ಳಿಗಿಂತ ದೊಡ್ಡ ಬುರುಡೆ ಥರ ಕೇಳಿಸಬೇಕು, ಅದು ಒಳ್ಳೆ ಕಾರ್ಡು. ಕೆನಡಾದವರು ಮಾತೆತ್ತಿದರೆ ಸಾರಿ ಅನ್ನುತ್ತಾರೆ ಅಂತ ಲೋಕವೆಲ್ಲ ತಮಾಷೆ ಮಾಡುತ್ತದಲ್ಲ, ಅದನ್ನೇ ಹಿಡಿದು ಮಾಡಿದ ಕಾರ್ಡು ಇದು. ಸಾರಿ ಅನ್ನದವರನ್ನು ಬಸ್ಸು ಹತ್ತಿಸುವುದಿಲ್ಲ ಅಂತ ಒಂದು. ಶಾಲೆಯಲ್ಲಿ ಸಾರಿ ಹೇಳುವುದಕ್ಕೇ ಬೇರೆ ಪರೀಕ್ಷೆ ಇದೆ ಅಂತ ಇನ್ನೊಂದು. ಸಾರಿ ಅಂದಿದ್ದನ್ನೇ ತಪ್ಪೊಪ್ಪಿಗೆ ಅಂತ ಸಿವಿಲ್ ಕೇಸಿನಲ್ಲಿ ಹಿಡಿಯಬಾರದು ಅನ್ನುವ ಕಾನೂನಿದೆ ಅಂತ ಮೂರನೆಯದು. ನಾವೆಲ್ಲ ಪರೀಕ್ಷೆಗೆ ಓಟು ಹಾಕಿದೆವು. ನಿಜ ಮೂರನೆಯದು! ಒಂಟಾರಿಯೊ ಪ್ರಾಂತ್ಯದಲ್ಲಿ 2009ರಲ್ಲಿ ಅಂಥ ಕಾನೂನೇ ಮಾಡಿದ್ದಾರೆ. ಜನ ಅಷ್ಟು ಸಲ ಸಾರಿ ಅನ್ನುವ ಊರಿನಲ್ಲಿ ಬೇಕೇ ಬೇಕಲ್ವಾ.

ಆಸ್ಟ್ರೇಲಿಯಾದ್ದೂ ಹಾಗೆ. 1932ರಲ್ಲಿ ಗೋಧಿ ಹೊಲಕ್ಕೆ ನುಗ್ಗುತ್ತಿದ್ದ ಎಮು ಹಿಂಡಿನ ಮೇಲೆ ಸೈನಿಕರು ಎರಡು ಮೆಷಿನ್ ಗನ್ನು, ಹತ್ತು ಸಾವಿರ ಗುಂಡು ತೆಗೆದುಕೊಂಡು ಹೋದರು, ಎಮುಗಳು ದಿಕ್ಕಿಗೊಂದು ಓಡಿದವು, ಸೈನಿಕರು ಸುಸ್ತಾಗಿ ವಾಪಸ್ ಬಂದರು. ಇದು ಸುಳ್ಳೇ ಸುಳ್ಳು ಅಂತ ಚಿಕ್ಕಪ್ಪ ಪಂದ್ಯ ಕಟ್ಟಿ ಸೋತರು. ಸೋತ ಮೇಲೂ ಬಿಡಲಿಲ್ಲ, "ಅವರದ್ದು ಬರೀ ಗುಂಡು ಹೋಯಿತು, ನಮ್ಮ ಕಡೆ ಎಮು ಸಾಕುತ್ತೇವೆ ಅಂತ ಹೋದವರದ್ದು ಜಮೀನೇ ಹೋಯಿತಲ್ಲಪ್ಪ" ಅಂದರು. ಎಡಿನ್‌ಬರೋ ಮೃಗಾಲಯದ ಒಂದು ಪೆಂಗ್ವಿನ್ ನಾರ್ವೆ ರಾಜನ ಕಾವಲು ಪಡೆಯಲ್ಲಿ ಅಧಿಕಾರಿ ಅನ್ನುವುದು ಕೂಡ ಹೀಗೇ. ಅದರ ಹೆಸರು ನಿಲ್ಸ್ ಊಲಾವ್. ಆ ಹೆಸರಿಗೆ 2008ರಲ್ಲಿ ಸರ್ ಪದವಿ, 2023ರಲ್ಲಿ ಮೇಜರ್ ಜನರಲ್. "ಪಿಂಚಣಿ ಎಷ್ಟು?" ಅಂತ ಅಮ್ಮ ಕೇಳಿದರು. ಕಾರ್ಡಿನಲ್ಲಿ ಇರಲಿಲ್ಲ.

ಬಲ್ಗೇರಿಯಾದ ಕಾರ್ಡು ಮಾತ್ರ ಆಟವನ್ನೇ ನಿಲ್ಲಿಸಿತು. ಅಲ್ಲಿ ತಲೆ ಮೇಲೆ ಕೆಳಗೆ ಆಡಿಸಿದರೆ ಇಲ್ಲ, ಅಡ್ಡಡ್ಡ ಆಡಿಸಿದರೆ ಹೌದು. ಇದು ನಿಜ. ಭಾವ ಅದನ್ನು ಮಾಡಿ ತೋರಿಸಲು ಹೋದರು, ಮೂರನೇ ಸಲಕ್ಕೆ ಅವರಿಗೇ ಗೊಂದಲ. ಆಮೇಲೆ ಅದೇ ಸುತ್ತಿನಲ್ಲಿ ಭಾರತದ ಕಾರ್ಡು ಬಂತು ನೋಡಿ, ಅದರಲ್ಲಿ ನಮ್ಮ ತಲೆಯಾಟದ ಮಾತು. ಹೌದೂ ಅಲ್ಲದ, ಇಲ್ಲವೂ ಅಲ್ಲದ, ಕತ್ತಿಗೆ ಸ್ಪ್ರಿಂಗು ಹಾಕಿದಂಥ ಆಟ. "ಭಾರತೀಯರು ಹೀಗೆ ತಲೆ ಆಡಿಸುವುದು ಬರೀ ಹೊರಗಿನವರ ಕಲ್ಪನೆ" ಅಂತ ಒಂದು ವಾಕ್ಯ. ಭಾವ, "ಅತ್ತೆ, ಇದು ನಿಜವೋ ಸುಳ್ಳೋ, ಏನಂತೀರಿ?" ಅಂತ ಕೇಳಿದರು. ಅಮ್ಮ ತಲೆ ಆಡಿಸಿದರು. ಎಲ್ಲರೂ ಅಮ್ಮನ ಮುಖವನ್ನೇ ನೋಡುತ್ತ ಕೂತೆವು. ಹೌದು ಅಂದರೋ, ಅಲ್ಲ ಅಂದರೋ, ನೋಡೋಣ ಅಂದರೋ, ಕಾಫಿ ಇಡಲಾ ಅಂದರೋ ಇವತ್ತಿಗೂ ಗೊತ್ತಿಲ್ಲ. ಮರಳು ಖಾಲಿಯಾಯಿತು.

ಡಬ್ಬದಲ್ಲಿ ನನಗೆ ತುಂಬಾ ಇಷ್ಟವಾದದ್ದು ಸ್ವಿಟ್ಜರ್ಲೆಂಡಿನ ಶಾವಿಗೆ ಮರ. 1957ರ ಏಪ್ರಿಲ್ 1ರಂದು ಬಿಬಿಸಿ ತನ್ನ ಗಂಭೀರವಾದ ವಾರ್ತಾ ಕಾರ್ಯಕ್ರಮದಲ್ಲೇ ಮೂರು ನಿಮಿಷದ ಒಂದು ತುಣುಕು ತೋರಿಸಿತು. ಸ್ವಿಟ್ಜರ್ಲೆಂಡಿನ ಟಿಚಿನೊ ಕಡೆ ಒಂದು ಕುಟುಂಬ ಮರದಿಂದ ಸ್ಪಗೆಟ್ಟಿ, ಅಂದರೆ ಇಟಲಿಯ ಶಾವಿಗೆ, ಅದರ ಎಳೆ ಕಿತ್ತು ಬುಟ್ಟಿಗೆ ತುಂಬಿ ಬಿಸಿಲಿಗೆ ಒಣಗಲು ಹಾಕುತ್ತಿದೆ. ಈ ಸಲ ಚಳಿ ಕಡಿಮೆ, ಹುಳದ ಕಾಟವೂ ಇಲ್ಲ, ಬೆಳೆ ಚೆನ್ನಾಗಿದೆ ಅಂತ ವಿವರಣೆ ಬೇರೆ. ಹೇಳಿದ್ದು ಯಾರು? ರಿಚರ್ಡ್ ಡಿಂಬಲ್‌ಬಿ, ಆ ಕಾಲಕ್ಕೆ ಬ್ರಿಟನ್ನಿನವರು ಕಣ್ಣು ಮುಚ್ಚಿ ನಂಬುತ್ತಿದ್ದ ದನಿ. ಆಗ ಅಲ್ಲಿ ಸ್ಪಗೆಟ್ಟಿ ಅಂದರೆ ಟೊಮ್ಯಾಟೊ ಸಾಸಿನಲ್ಲಿ ಮುಳುಗಿ ಡಬ್ಬಿಯಲ್ಲಿ ಬರುವ ಪರದೇಶದ ತಿಂಡಿ, ಅದನ್ನು ಹೇಗೆ ಮಾಡುತ್ತಾರೆ ಅಂತ ಬಹಳ ಜನಕ್ಕೆ ಗೊತ್ತಿರಲಿಲ್ಲ. ಹಾಗಾಗಿ ನಂಬಿದರು. ಫೋನ್ ಮಾಡಿ, ನಮ್ಮ ಹಿತ್ತಲಲ್ಲಿ ಬೆಳೆಯುವುದು ಹೇಗೆ ಅಂತ ಕೇಳಿದರು. ಒಂದು ಎಳೆಯನ್ನು ಟೊಮ್ಯಾಟೊ ಸಾಸಿನ ಡಬ್ಬಿಯಲ್ಲಿ ನೆಟ್ಟು, ಒಳ್ಳೆಯದಾಗಲಿ ಅಂತ ಕಾಯಿರಿ ಅನ್ನುವ ಉತ್ತರ ಬಂತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಅಮ್ಮ ಮಾತ್ರ, "ನಗಬೇಡಿ, ಹುಬ್ಬಳ್ಳಿ ಕಡೆ ಕೋಲಿನ ಮೇಲೆ ಶಾವಿಗೆ ಒಣಗಿಸೋದು ದೂರದಿಂದ ನೋಡಿದರೆ ನಿಮಗೂ ಹಾಗೇ ಅನಿಸುತ್ತೆ" ಅಂದರು. ಅದೂ ಸರಿಯೇ.

ಈ ಒಂದು ಕಾರ್ಡಿಗೋಸ್ಕರ ನೂರು ರೂಪಾಯಿ ಕೊಡಬಹುದು. ಆದರೆ ಇಂಥದ್ದು ಕಡಿಮೆ. ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ 1977ರ ಏಪ್ರಿಲ್ 1ಕ್ಕೆ ಇಲ್ಲದ ಒಂದು ದೇಶದ ಮೇಲೆ ಏಳು ಪುಟದ ಪುರವಣಿ ತಂದಿತ್ತು. ಸಾನ್ ಸೆರಿಫ್ ಅಂತ ದ್ವೀಪ ದೇಶ, ನಕ್ಷೆಯಲ್ಲಿ ಅರ್ಧವಿರಾಮ ಚಿಹ್ನೆಯ ಆಕಾರ, ರಾಜಧಾನಿ ಬೋಡೋನಿ, ಅಧ್ಯಕ್ಷ ಜನರಲ್ ಪೈಕಾ. ಎಲ್ಲವೂ ಅಚ್ಚುಮೊಳೆಯ ಮನೆಯ ಹೆಸರುಗಳು. ಎಷ್ಟೋ ಓದುಗರು ರಜೆಗೆ ಅಲ್ಲಿಗೆ ಹೋಗಲು ವಿಚಾರಿಸಿದರಂತೆ. ಡಿಟಿಪಿ ಕೆಲಸ ಮಾಡುವ ನನ್ನಂಥವನಿಗೆ ಇದು ಹಬ್ಬ. ಡಬ್ಬದಲ್ಲಿ ಇದಕ್ಕೆ ಜಾಗವೇ ಇಲ್ಲ! ಅದರ ಬದಲು ಇಟಲಿಯವರು ಪಿಜ್ಜಾ ತಿನ್ನುತ್ತಾರೆ ಅನ್ನುವುದರ ಸುತ್ತಲೇ ಐದು ಕಾರ್ಡು.

ನನ್ನ ತಕರಾರು ಇರುವುದು ಇಲ್ಲೇ. ಒಂದು ಊರಿನವರು ತಮ್ಮ ಬಗ್ಗೆ ತಾವೇ ಬಿಡುವ ಬುರುಡೆಗೆ ಇರುವ ರುಚಿ, ಹೊರಗಿನವರು ದೂರದಲ್ಲಿ ಕೂತು ಕಟ್ಟಿದ ಬುರುಡೆಗೆ ಇರುವುದಿಲ್ಲ. ಆಸ್ಟ್ರೇಲಿಯಾದವರು ಪ್ರವಾಸಿಗಳಿಗೆ ಹೇಳುವ ಡ್ರಾಪ್ ಬೇರ್ ಕಥೆ ನೋಡಿ. ಮರದ ಮೇಲೆ ಹೊಂಚು ಹಾಕಿ, ಕೆಳಗೆ ನಡೆಯುವವರ ನೆತ್ತಿಯ ಮೇಲೆ ಬೀಳುವ ರಾಕ್ಷಸ ಕೋಆಲಾ, ಕಿವಿಯ ಹಿಂದೆ ವೆಜಿಮೈಟ್ (ಅಲ್ಲಿನವರು ಬ್ರೆಡ್ಡಿಗೆ ಹಚ್ಚುವ ಕಪ್ಪು ಲೇಹ) ಬಳಿದುಕೊಂಡರೆ ಹತ್ತಿರ ಬರುವುದಿಲ್ಲ. ಸಿಡ್ನಿಯ ಆಸ್ಟ್ರೇಲಿಯನ್ ಮ್ಯೂಸಿಯಂ ತನ್ನ ಪ್ರಾಣಿಗಳ ಪುಟಗಳ ನಡುವೆ ಇದಕ್ಕೂ ಒಂದು ಪುಟ ಮಾಡಿ, ಲ್ಯಾಟಿನ್ ಹೆಸರು ಕೊಟ್ಟು ಇಟ್ಟುಕೊಂಡಿದೆ. ಸ್ಕಾಟ್‌ಲ್ಯಾಂಡಿನವರದ್ದು ಹ್ಯಾಗಿಸ್. ಅದು ನಿಜಕ್ಕೂ ಕುರಿಯ ಗುಂಡಿಗೆ, ಈಲಿ, ಪುಪ್ಪುಸವನ್ನು ಓಟ್ಸು ಈರುಳ್ಳಿ ಜೊತೆ ಕುರಿಯ ಹೊಟ್ಟೆಯೊಳಗೆ ತುಂಬಿ ಬೇಯಿಸುವ ಅಡುಗೆ, ನಮ್ಮ ಬೋಟಿ ಗೊಜ್ಜಿನ ದೂರದ ನೆಂಟ ಅನ್ನಿ. ಆದರೆ ಹೊರಗಿನವರಿಗೆ ಅವರು ಹೇಳುವುದು, ಅದೊಂದು ಪ್ರಾಣಿ, ಒಂದು ಕಡೆಯ ಕಾಲು ಗಿಡ್ಡ, ಯಾಕೆಂದರೆ ಯಾವಾಗಲೂ ಗುಡ್ಡದ ಸುತ್ತ ಓಡುತ್ತಿರುತ್ತದೆ, ಹಿಡಿಯಬೇಕಾದರೆ ಎದುರು ದಿಕ್ಕಿನಲ್ಲಿ ಓಡಿಸಬೇಕು, ಆಗ ಉರುಳಿ ಬೀಳುತ್ತದೆ. 2003ರಲ್ಲಿ ಅಮೆರಿಕದ ಪ್ರವಾಸಿಗಳನ್ನು ಕೇಳಿದಾಗ ಮೂವರಲ್ಲಿ ಒಬ್ಬರು ಅದು ಪ್ರಾಣಿ ಅಂತಲೇ ನಂಬಿದ್ದರು.

ಜರ್ಮನಿಯವರದ್ದು ಇನ್ನೂ ಒಂದು ಹೆಜ್ಜೆ ಮುಂದೆ. ಬೀಲೆಫೆಲ್ಡ್ ಅನ್ನುವ ಊರೇ ಇಲ್ಲ ಅಂತ 1994ರಲ್ಲಿ ಯಾರೋ ತಮಾಷೆಗೆ ಅಂತರ್ಜಾಲದಲ್ಲಿ ಬರೆದದ್ದು, ಇವತ್ತಿಗೂ ನಡೆಯುತ್ತಿದೆ. ಮೂರು ಲಕ್ಷಕ್ಕಿಂತ ಜಾಸ್ತಿ ಜನ ಇರುವ ಊರು ಅದು! ಆಂಗೆಲಾ ಮೆರ್ಕೆಲ್ ಜರ್ಮನಿಯ ಚಾನ್ಸಲರ್ ಆಗಿದ್ದಾಗ ಒಂದು ಸಮಾರಂಭದಲ್ಲಿ, ಅಂಥ ಊರು ಇದ್ದರೆ ನಾನು ಅಲ್ಲಿಗೆ ಹೋಗಿದ್ದೆ ಅನ್ನಿಸುತ್ತದೆ ಅಂತ ನಗಿಸಿದ್ದರು. 2019ರಲ್ಲಿ ಊರಿನವರೇ, ನಮ್ಮ ಊರು ಇಲ್ಲ ಅಂತ ಸಾಬೀತು ಮಾಡಿದವರಿಗೆ ಹತ್ತು ಲಕ್ಷ ಯೂರೋ ಬಹುಮಾನ ಇಟ್ಟರು. ಯಾರಿಗೂ ಸಿಗಲಿಲ್ಲ. ಭಾವ, "ನಾನು ಅಲ್ಲಿ ರೈಲು ಇಳಿದು ಕಾಫಿ ಕುಡಿದಿದ್ದೇನೆ" ಅಂದರು. ಮಕ್ಕಳಿಬ್ಬರೂ ಒಟ್ಟಿಗೆ, "ಅದು ಬೇರೆ ಊರಿರಬೇಕು ಪಪ್ಪಾ" ಅಂತ ಹಾರಿಸಿಬಿಟ್ಟರು. ಡಬ್ಬದಲ್ಲಿ ಇದೂ ಇಲ್ಲ. ಇರುವ ಜರ್ಮನಿ ಕಾರ್ಡಿನಲ್ಲಿ ನಿಜ ಅಂತ ಗುರುತು ಹಾಕಿರುವುದು ಏನು ಗೊತ್ತಾ? ಜರ್ಮನಿಯ ರೈಲುಗಳು ಒಂದು ನಿಮಿಷವೂ ತಡವಾಗುವುದಿಲ್ಲ ಅಂತ. ಭಾವನಿಗೆ ಕಾಫಿ ನೆತ್ತಿಗೆ ಹತ್ತಿತು. 2024ರಲ್ಲಿ ಅಲ್ಲಿನ ದೂರದ ರೈಲುಗಳು ಸಮಯಕ್ಕೆ ಬಂದದ್ದು ನೂರಕ್ಕೆ ಸುಮಾರು 62, ಅದೂ ಆರು ನಿಮಿಷದೊಳಗಿನ ತಡವನ್ನು ತಡ ಅಂತ ಲೆಕ್ಕ ಹಿಡಿಯದೆ. ತುಂಬಾ ತಡವಾಗಿ ಬಂದ ಜರ್ಮನಿಯ ರೈಲನ್ನು ಸ್ವಿಸ್‌ನವರು ಗಡಿಯ ಊರು ಬಾಸೆಲ್‌ನಲ್ಲೇ ನಿಲ್ಲಿಸಿ, ಮುಂದಕ್ಕೆ ತಮ್ಮ ರೈಲು ಬಿಡುತ್ತಾರೆ, ಇಲ್ಲದಿದ್ದರೆ ಅವರ ಹೊತ್ತೆಲ್ಲ ಕೆಡುತ್ತದೆ ಅಂತ. ಇದನ್ನು ಕಾರ್ಡು ಮಾಡಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಉತ್ತರಗಳೇ ತಪ್ಪಿದ್ದರೆ ಆಟ ಆಡುವುದು ಹೇಗೆ ಸ್ವಾಮಿ? ಚೀನಾದ ಮಹಾಗೋಡೆ ಚಂದ್ರನಿಂದ ಕಾಣುತ್ತದೆ ಅಂತ ನಿಜದ ಪಟ್ಟಿಯಲ್ಲಿ ಹಾಕಿದ್ದಾರೆ. 2003ರಲ್ಲಿ ಚೀನಾದವರೇ ಆದ ಗಗನಯಾತ್ರಿ ಯಾಂಗ್ ಲಿವೇ ಭೂಮಿ ಸುತ್ತಿ ಬಂದು, ನನಗೆ ಗೋಡೆ ಕಾಣಲಿಲ್ಲ ಅಂತ ಹೇಳಿ ಆಗಿದೆ. ಚಂದ್ರ ಇನ್ನೆಷ್ಟು ದೂರ. ಗೋಡೆ ಉದ್ದ ಇದೆ, ಅಗಲ ಇಲ್ಲ, ಬಣ್ಣವೂ ಸುತ್ತಲಿನ ಮಣ್ಣಿನದ್ದೇ, ಹೇಗೆ ಕಾಣಬೇಕು. ಆಸ್ಟ್ರೇಲಿಯಾದ ಸಿಂಕಿನಲ್ಲಿ ನೀರು ಉಲ್ಟಾ ಸುತ್ತುತ್ತದೆ ಅನ್ನುವುದೂ ನಿಜದ ಪಟ್ಟಿಯಲ್ಲಿದೆ. ಚಂಡಮಾರುತ ಉಲ್ಟಾ ಸುತ್ತುವುದು ಹೌದು, ಸಿಂಕಿನಷ್ಟು ಚಿಕ್ಕ ಜಾಗದಲ್ಲಿ ಭೂಮಿ ತಿರುಗುವುದರ ಪ್ರಭಾವ ಏನೇನೂ ಇಲ್ಲ, ಬೋಗುಣಿಯ ಆಕಾರ ಮತ್ತು ನೀರು ಬಿಟ್ಟ ರೀತಿಯೇ ಅದನ್ನು ತೀರ್ಮಾನಿಸುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ರಾತ್ರಿ ಹತ್ತರ ಮೇಲೆ ಫ್ಲಶ್ ಮಾಡಿದರೆ ಅಪರಾಧವಂತೆ. ಅಂಥ ದೇಶದ ಕಾನೂನಿಲ್ಲ, ಕೆಲವು ಕಟ್ಟಡದ ಮಾಲೀಕರು ರಾತ್ರಿ ಸದ್ದು ಮಾಡಬೇಡಿ ಅಂತ ಹಾಕುವ ನಿಯಮ ಅದು. ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿ ಇದ್ದವರಿಗೆ ಮಾಲೀಕರ ನಿಯಮ ಅಂದರೆ ಏನು ಅಂತ ನಾನು ಬಿಡಿಸಿ ಹೇಳಬೇಕಾ. ನಿಜವಾದ ಸ್ವಿಸ್ ಕಾನೂನು ಇದಕ್ಕಿಂತ ಮುದ್ದಾಗಿದೆ. ಗಿನಿ ಪಿಗ್ಗನ್ನು ಒಂಟಿಯಾಗಿ ಸಾಕುವ ಹಾಗಿಲ್ಲ, ಜೊತೆಗೆ ಇನ್ನೊಂದು ಬೇಕು, ಪಾಪ ಅದಕ್ಕೆ ಬೇಜಾರಾಗುತ್ತದೆ.

ಒಂದು ತಪ್ಪನ್ನು ಮಾತ್ರ ಮಾಫಿ ಮಾಡಿದೆ. ಐಸ್‌ಲ್ಯಾಂಡಿನಲ್ಲಿ ಸೊಳ್ಳೆಯೇ ಇಲ್ಲ ಅಂತ ಕಾರ್ಡಿನಲ್ಲಿದೆ, ಅಚ್ಚಾಗುವಾಗ ಅದು ನಿಜವೇ ಇದ್ದಿರಬೇಕು. ನಾವು ಆಡಿದ ದೀಪಾವಳಿಯ ಅದೇ ವಾರ ಅಲ್ಲಿ ಮೊದಲ ಸಲ ಮೂರು ಸೊಳ್ಳೆ ಸಿಕ್ಕವು ಅಂತ ಸುದ್ದಿ ಬಂತು. ಬರೀ ಮೂರು. ಅದು ಜಗತ್ತಿನ ಸುದ್ದಿ! ನನ್ನ ಹೆಂಡತಿ ಅದನ್ನು ಫೋನಿನಲ್ಲಿ ಓದುತ್ತ ಇನ್ನೊಂದು ಕೈಯಲ್ಲಿ ಸೊಳ್ಳೆ ಬ್ಯಾಟು ಬೀಸುತ್ತಿದ್ದಳು.

ಆಫ್ರಿಕಾದ 54 ದೇಶಕ್ಕೆ ಸೇರಿ ಏಳು ಕಾರ್ಡು. ಅದರಲ್ಲಿ ನಾಲ್ಕರಲ್ಲಿ ಸಿಂಹ. ಇದಕ್ಕೆ ಕೋಪ ಬಂತು ನನಗೆ, ಯಾಕೆಂದರೆ ಈ ಆಟಕ್ಕೆ ಹೇಳಿ ಮಾಡಿಸಿದಂಥ ಸಂಗತಿಗಳು ಅಲ್ಲಿ ಬೇಕಾದಷ್ಟಿವೆ. ಘಾನಾದ ಗಾ ಜನ ಶವಪೆಟ್ಟಿಗೆಯನ್ನು ಮೀನು, ವಿಮಾನ, ಈರುಳ್ಳಿಯ ಆಕಾರದಲ್ಲಿ ಮಾಡಿಸುತ್ತಾರೆ, ಸತ್ತವರು ಮಾಡುತ್ತಿದ್ದ ಕೆಲಸಕ್ಕೋ ಅವರ ಆಸೆಗೋ ಒಪ್ಪುವ ಹಾಗೆ. ಇಥಿಯೋಪಿಯಾದಲ್ಲಿ ವರ್ಷಕ್ಕೆ 13 ತಿಂಗಳು, ಅವರ ಇಸವಿ ನಮ್ಮ ಕ್ಯಾಲೆಂಡರಿಗಿಂತ ಏಳೆಂಟು ವರ್ಷ ಹಿಂದೆ, 2000ದ ಹೊಸ ವರ್ಷವನ್ನು ಅವರು ಆಚರಿಸಿದ್ದು 2007ರ ಸೆಪ್ಟೆಂಬರಿನಲ್ಲಿ. ದಿನದ ಗಂಟೆ ಎಣಿಸುವುದೂ ಸೂರ್ಯ ಹುಟ್ಟಿದ ಮೇಲೆ. ಇದನ್ನು ನಾನು ಹೇಳಿದಾಗ ಚಿಕ್ಕಪ್ಪ, "ಅಧಿಕ ಮಾಸ ಬಂದರೆ ನಮಗೂ 13 ತಾನೇ, ಘಳಿಗೆಯನ್ನೂ ಸೂರ್ಯೋದಯದಿಂದಲೇ ಎಣಿಸುತ್ತಿದ್ದೆವು, ಇದರಲ್ಲಿ ವಿಚಿತ್ರ ಏನು ಬಂತು" ಅಂದರು. ಅವರಿಗೆ ಯಾವುದೂ ವಿಚಿತ್ರವಲ್ಲ.

ನಮ್ಮ ದೇಶದ ಕಾರ್ಡುಗಳಲ್ಲೂ ಇದೇ ಕಥೆ. ಹಾಕಿ ನಮ್ಮ ರಾಷ್ಟ್ರೀಯ ಆಟ ಅನ್ನುವುದು ನಿಜ ಅಂತಿದೆ. ಶಾಲೆಯಲ್ಲಿ ಎಲ್ಲರೂ ಹಾಗೇ ಬರೆದು ಅಂಕ ತೆಗೆದುಕೊಂಡವರೇ. 2012ರಲ್ಲಿ ಒಬ್ಬ ಶಾಲೆ ಹುಡುಗಿ ಮಾಹಿತಿ ಹಕ್ಕಿನಲ್ಲಿ ಕೇಳಿದಾಗ ಸರ್ಕಾರವೇ, ಯಾವ ಆಟವನ್ನೂ ಹಾಗೆ ಘೋಷಿಸಿಲ್ಲ ಅಂತ ಉತ್ತರ ಕೊಟ್ಟಿದೆ. ನಮ್ಮ ರಾಷ್ಟ್ರಗೀತೆಗೆ ಯುನೆಸ್ಕೋ ಬಹುಮಾನ ಅನ್ನುವ ವಾಟ್ಸಾಪ್ ಬುರುಡೆಯನ್ನು ಮಾತ್ರ ಸುಳ್ಳು ಅಂತ ಸರಿಯಾಗಿ ಗುರುತಿಸಿದ್ದಾರೆ, ಅಷ್ಟಕ್ಕೆ ಶಭಾಷ್. ಉಳಿದದ್ದು ಹಾವಾಡಿಗ, ಆನೆ, ಕರಿ. ಕರಿ ಅಂದರೆ ಯಾವುದು? ಹುಳಿಯಾ, ಸಾಗುವಾ, ಗೊಜ್ಜಾ, ಪಲ್ಯವಾ? ಕಾರ್ಡು ಬರೆದವರಿಗೆ ಗೊತ್ತಿಲ್ಲ.

ಇಲ್ಲಿ ಚಿಕ್ಕಪ್ಪ ಕನ್ನಡಕ ಒರೆಸಿ ಹಾಕಿಕೊಂಡರು. ಅಂದರೆ ಇಪ್ಪತ್ತು ನಿಮಿಷ ಆಟ ಬಂದ್ ಅಂತ ನಮಗೆಲ್ಲ ಗೊತ್ತು. ನಮ್ಮ ಬಗ್ಗೆ ಹೊರಗಿನವರು ಬುರುಡೆ ಬಿಡುವುದು ಇವತ್ತಿನದಲ್ಲ ಅಂತ ಶುರು ಮಾಡಿದರು. ಭಾರತದಲ್ಲಿ ನರಿಗಿಂತ ದೊಡ್ಡ ಇರುವೆಗಳಿವೆ, ಮರಳು ತೋಡಿ ಚಿನ್ನ ಹೊರಗೆ ಹಾಕುತ್ತವೆ ಅಂತ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದದ್ದು ಕ್ರಿಸ್ತನಿಗಿಂತ ನಾನೂರು ಚಿಲ್ಲರೆ ವರ್ಷ ಹಿಂದೆ. ಚಂದ್ರಗುಪ್ತನ ಆಸ್ಥಾನಕ್ಕೆ ಬಂದು ಹೋದ ಮೆಗಸ್ತನೀಸನೂ ಇಲ್ಲಿ ಬಾಯಿಯೇ ಇಲ್ಲದ, ಬರೀ ವಾಸನೆ ಕುಡಿದು ಬದುಕುವ ಜನ ಇದ್ದಾರೆ ಅಂದ. "ಒಗ್ಗರಣೆ ವಾಸನೆ ಇರಬೇಕು" ಅಂತ ಹೆಂಡತಿ ಮೆಲ್ಲಗೆ ಅಂದಳು.

ಆಮೇಲೆ ಚಿಕ್ಕಪ್ಪ ಹೇಳಿದ ಕಥೆಗೆ ಮಕ್ಕಳೂ ಬಾಯಿ ಬಿಟ್ಟುಕೊಂಡು ಕೂತರು. ಈಜಿಪ್ಟಿನ ಆಕ್ಸಿರಿಂಕಸ್ ಅನ್ನುವ ಹಳೇ ಊರಿನ ತಿಪ್ಪೆಯಲ್ಲಿ ಸಿಕ್ಕಿದ, ಎರಡನೇ ಶತಮಾನದ ಒಂದು ಪಪೈರಸ್ಸಿನಲ್ಲಿ (ಜೊಂಡಿನಿಂದ ಮಾಡಿದ ಕಾಗದ) ಒಂದು ಗ್ರೀಕ್ ನಗೆನಾಟಕ ಇದೆ. ಭಾರತದ ಕರಾವಳಿಯಲ್ಲಿ ಒಬ್ಬ ಗ್ರೀಕ್ ಹೆಣ್ಣುಮಗಳು ರಾಜನ ಕೈಗೆ ಸಿಕ್ಕಿಕೊಂಡಿದ್ದಾಳೆ. ಅವಳ ಕಡೆಯವರು ಬಂದು ರಾಜನಿಗೂ ಅವನ ಜನಕ್ಕೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ ಮಲಗಿಸಿ ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ಅದರಲ್ಲಿ ಒಬ್ಬ ವಿದೂಷಕ ಇದ್ದಾನೆ, ಅವನ ಆಯುಧ ಹೂಸು. (ಇಲ್ಲಿ ಐದು ನಿಮಿಷ ಯಾರಿಗೂ ಏನೂ ಕೇಳಿಸಲಿಲ್ಲ.) ಆ ನಾಟಕದಲ್ಲಿ ಭಾರತದವರು ಆಡುವ ಮಾತು ಗ್ರೀಕ್ ಅಲ್ಲ. ಅದು ಕನ್ನಡ ಅಂತ 1904ರಲ್ಲಿ ಹುಲ್ಟ್ಶ್ ಅನ್ನುವ ಜರ್ಮನ್ ಪಂಡಿತ ಹೇಳಿದ, ನಮ್ಮ ಆರ್. ಶಾಮಾಶಾಸ್ತ್ರಿಗಳೂ ಒಪ್ಪಿದರು. ಎಲ್ಲ ವಿದ್ವಾಂಸರೂ ಒಪ್ಪಿಲ್ಲ, ತುಳು ಅಂದವರಿದ್ದಾರೆ, ಸುಮ್ನೆ ನಗಿಸಲು ಬರೆದ ಅರ್ಥವಿಲ್ಲದ ಸದ್ದು ಅಂದವರೂ ಇದ್ದಾರೆ. "ಹಾಗಾದರೆ ಯಾವುದು ನಿಜ ತಾತ?" ಅಂತ ಅಕ್ಕನ ಮಗಳು ಕೇಳಿದಳು. ಚಿಕ್ಕಪ್ಪ ಮರಳು ಗಡಿಯಾರ ತಿರುಗಿಸಿ ಇಟ್ಟರು.

ಟರ್ಕಿ ಕೋಳಿಯ ಕಾರ್ಡು ಬಗ್ಗೆಯೂ ಹೇಳಬೇಕು. ಆ ಕೋಳಿ ಟರ್ಕಿಯದ್ದಲ್ಲ, ಅಮೆರಿಕದ್ದು. ಇಂಗ್ಲಿಷರು ಟರ್ಕಿಯದ್ದು ಅಂದುಕೊಂಡರು. ಟರ್ಕಿಯವರು ಅದನ್ನು ಕರೆಯುವುದು ಹಿಂದಿ ಅಂತ, ಅಂದರೆ ಭಾರತದ್ದು. ಫ್ರೆಂಚರ ಹೆಸರಿನಲ್ಲೂ ಭಾರತವೇ ಇದೆ. ಡಚ್ಚರು ಕಾಲ್ಕೂನ್ ಅನ್ನುತ್ತಾರೆ, ಅದು ಕಲ್ಲಿಕೋಟೆಯಿಂದ ಬಂದ ಹೆಸರು. ಪೋರ್ಚುಗೀಸರು ಪೆರು. ಒಂದು ಕೋಳಿಯನ್ನು ಎಲ್ಲರೂ ಪಕ್ಕದ ಮನೆಯ ಕಾಂಪೌಂಡಿಗೆ ಎಸೆದ ಹಾಗೆ! ನಕ್ಕು ಮುಗಿಸುವಷ್ಟರಲ್ಲಿ ಅಮ್ಮ ಅಡುಗೆಮನೆಯಿಂದ, ಸೀಮೆಬದನೆ ಹೆಚ್ಚಬೇಕು ಯಾರಾದರೂ ಬನ್ನಿ ಅಂತ ಕರೆದರು. ಸೀಮೆಬದನೆ. ಅಲ್ಲಿಂದ ಎಲ್ಲರೂ ಪಟ್ಟಿ ಮಾಡಲು ಕೂತರು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು. ಪರಂಗಿಹಣ್ಣು, ಅಂದರೆ ಫರಂಗಿಯವರ ಹಣ್ಣು, ಬಂದದ್ದು ಅಮೆರಿಕ ಖಂಡದಿಂದ. ಕರಾವಳಿ ಕಡೆಯವರು ಸಿಹಿಗುಂಬಳಕ್ಕೆ ಚೀನಿಕಾಯಿ ಅನ್ನುತ್ತಾರೆ, ಅದೂ ಅಮೆರಿಕದ್ದೇ, ಚೀನಾಕ್ಕೂ ಅದಕ್ಕೂ ಸಂಬಂಧವಿಲ್ಲ. ನಾವೂ ಏನು ಕಮ್ಮಿ ಇಲ್ಲ.

ಹತ್ತು ಗಂಟೆ ಹೊತ್ತಿಗೆ ಡಬ್ಬದ ಕಾರ್ಡು ಸಪ್ಪೆಯಾಗಿ, ಆ 12 ಖಾಲಿ ಕಾರ್ಡು ಹೊರಗೆ ಬಂದವು. ದೇಶ ಬಿಟ್ಟು ಜಿಲ್ಲೆ ಹಿಡಿದೆವು. ನಿಜವಾದ ಆಟ ಶುರುವಾಗಿದ್ದು ಆಮೇಲೆಯೇ. "ಮಂಡ್ಯದಲ್ಲಿ ನಿಮ್ಮನ್ನು ಯಾರಾದರೂ ಏನ್ಲಾ ಅನ್ನದೆ ಬಹುವಚನದಲ್ಲಿ ಮಾತಾಡಿಸಿದರೆ ನೀವು ಸಾಲ ತೀರಿಸಿಲ್ಲ ಅಂತ ಅರ್ಥ." "ಧಾರವಾಡದಾಗ ಮಾತಿನ ಕೊನೀಗೆ ರೀ ಹಚ್ಚಲಿಲ್ಲಂದ್ರ ಪೇಡೆ ಕೊಡೂದಿಲ್ಲ." "ಮಂಗಳೂರಿನ ಬಸ್ಸು ನಿಲ್ಲುವುದಿಲ್ಲ, ನಿಧಾನ ಮಾಡುವುದು ಮಾತ್ರ ಮಾರಾಯ್ರೆ, ಇಳಿಯುವುದು ನಿಮ್ಮ ಜವಾಬ್ದಾರಿ." "ಮೈಸೂರಿನಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕಳ್ಳರೂ ಮಲಗಿರುತ್ತಾರೆ." ಇದು ಸುಳ್ಳಾ ಅಂತ ಅಮ್ಮ ಕೇಳಿದರು, ನಿಜವಾಗಿ.

ನಿಜದ ಸಾಲು ಬರೆಯುವುದೇ ಕಷ್ಟವಾಯಿತು. ಚಿಕ್ಕಪ್ಪ ಬೆಂಗಳೂರಿನ ಕಾರ್ಡಿಗೆ ಬೇಗೂರಿನ ಶಾಸನ ಹಾಕಿದರು. ಸುಮಾರು 890ರ ಆ ಕಲ್ಲಿನಲ್ಲೇ ಬೆಂಗಳೂರಿನ ಕಾಳಗದ ಮಾತಿದೆ. ಅದಾಗಿ ಮುನ್ನೂರು ವರ್ಷದ ಮೇಲೆ ಬಂದ ವೀರಬಲ್ಲಾಳನಿಗೆ ಅಜ್ಜಿ ಬೆಂದಕಾಳು ಕೊಟ್ಟು ಊರಿಗೆ ಹೆಸರು ಬಂತು ಅನ್ನುವುದು ಹೇಗೆ ಆಗುತ್ತದೆ? ನಾವೆಲ್ಲ ಬೆಂದಕಾಳಿಗೇ ಓಟು ಹಾಕಿ ಸೋತೆವು. ನಾನು ಮೈಸೂರಿಗೆ ಬರೆದದ್ದು, ಓಟು ಹಾಕಿದಾಗ ಬೆರಳಿಗೆ ಹಚ್ಚುವ ಶಾಯಿ ನಮ್ಮ ಊರಿನದ್ದು, ಬೇರೆ ದೇಶಗಳ ಚುನಾವಣೆಗೂ ಇಲ್ಲಿಂದಲೇ ಹೋಗುತ್ತದೆ ಅಂತ. 1937ರಲ್ಲಿ ಅರಗು, ಬಣ್ಣದ ಕಾರ್ಖಾನೆಯಾಗಿ ಶುರುವಾಗಿ, 1962ರ ಚುನಾವಣೆಯಿಂದ ಶಾಯಿ ಮಾಡುತ್ತಿರುವ ಮೈಸೂರು ಪೇಂಟ್ಸ್. ಜರ್ಮನಿಯಲ್ಲಿ ಬೆಳೆದ ಮಕ್ಕಳಿಬ್ಬರೂ, "ಮಾವ, ಬಿಡಿ ಬುರುಡೆ" ಅಂದರು. ಎರಡು ಅಂಕ ನನಗೆ.

ಹಾಗಾದರೆ ಕೊಳ್ಳಬಹುದಾ? 799ಕ್ಕೆ ಬೇಡ. ರಿಯಾಯಿತಿಯಲ್ಲಿ ನಾನೂರರ ಒಳಗೆ ಸಿಕ್ಕರೆ, ಮನೆಯಲ್ಲಿ ಐದಾರು ಜನ ಇದ್ದರೆ, ಕಾರ್ಡಿನ ಉತ್ತರವನ್ನು ವೇದವಾಕ್ಯ ಅಂತ ತಿಳಿಯದಿದ್ದರೆ ತೆಗೆದುಕೊಳ್ಳಿ. ಹಳದಿ ಬಲ್ಬಿನ ಕೆಳಗೆ ಆಡಿ, ಟ್ಯೂಬ್‌ಲೈಟ್ ಬೇಡ. ಐದಕ್ಕೆ ಎರಡೂವರೆ ನಕ್ಷತ್ರ, ಅದರಲ್ಲಿ ಒಂದೂವರೆ ಆ ಖಾಲಿ ಕಾರ್ಡಿಗೆ.

ಖಾಲಿ ಕಾರ್ಡಿನಲ್ಲಿ ಹನ್ನೊಂದು ತುಂಬಿದ ಮೇಲೆ ಒಂದು ಉಳಿದಿತ್ತು. ಅಕ್ಕ ಭಾವ ಹೊರಡುವ ದಿನ ಡಬ್ಬ ಎತ್ತಿಡುವಾಗ ನೋಡಿದೆ, ಅದೂ ತುಂಬಿತ್ತು. ಮೇಲೆ ಜರ್ಮನಿ ಅಂತ ಅಮ್ಮನ ದುಂಡು ಅಕ್ಷರ. ಕೆಳಗೆ ಮೂರು ಸಾಲಿನ ಜಾಗದಲ್ಲಿ ಒಂದೇ ಸಾಲು: "ಈ ದೇಶಕ್ಕೆ ಹೋದ ಅಳಿಯಂದಿರು ಪ್ರತಿ ಭಾನುವಾರ ಅತ್ತೆಗೆ ಫೋನ್ ಮಾಡುತ್ತಾರೆ." ಹಿಂದೆ ತಿರುಗಿಸಿದೆ. ಉತ್ತರ ಬರೆದಿರಲಿಲ್ಲ.